ಶಾಲೆಯ ಜೊತೆ ಮಗ್ಗ, ಮಗ್ಗದ ಜೊತೆ ಮನೆಜಾಗ

ಮಂಗಳೂರು ಪುರಭವನಕ್ಕೆ ನಾಟಕ ನೋಡೋಕೆ ಹೋಗಿರ್ತೀರಿ. ಅದು ಯಾರ ಹೆಸರಿನಲ್ಲಿದೆ ಅಂತ ಗಮನಿಸಿದ್ದೀರಾ? ಕುದ್ಮುಲ್ ರಂಗರಾವ್. ಕಾಸರಗೋಡು ಕಡೆಯವರು, ವೃತ್ತಿಯಲ್ಲಿ ವಕೀಲರು.

ಅವರ ಕಾಲದಲ್ಲಿ ದಲಿತ ಕುಟುಂಬಗಳಿಗೆ ಸ್ವಂತ ಜಾಗ ಇರೋದೇ ಅಪರೂಪ. ಧಣಿ ಎಬ್ಬಿಸಿದರೆ ಗುಡಿಸಲೂ ಹೋಯ್ತು, ಕೂಲಿಯೂ ಹೋಯ್ತು.

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ರಾಯರು ಜಗ್ಗಲಿಲ್ಲ. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನೋ ಸಂಸ್ಥೆ ಕಟ್ಟಿದರು.

ಆದರೆ ಮಗು ಶಾಲೆಗೆ ಬಂದರೆ ಮನೆಯಲ್ಲಿ ಆ ದಿನದ ದುಡಿಮೆ ಖೋತಾ ಅಲ್ವಾ? ಅದಕ್ಕೇ ಹಾಜರಾದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡ್ತಿದ್ದರಂತೆ, ಮಧ್ಯಾಹ್ನ ಊಟ ಬೇರೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಜಾಣತನ ಇರೋದು ಇಲ್ಲೇ.

ಓದು ಒಂದೇ ಹೊಟ್ಟೆ ತುಂಬಿಸಲ್ಲ ಅಂತ ನೇಯ್ಗೆ, ಬಡಗಿ ಕೆಲಸವನ್ನೂ ಕಲಿಸಿದರು. ಸರ್ಕಾರದಿಂದ ಜಾಗ ಪಡೆದು ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳೋಕೆ ಹಂಚಿದರು.

ನಮ್ಮ ಕಾಲದಲ್ಲಿ ಬಂದ ಸರ್ಕಾರದ ನಗರ ಜೀವನೋಪಾಯ ಅಭಿಯಾನದಲ್ಲಿ ವಸತಿರಹಿತರ ಆಶ್ರಯ ಒಂದು ವಿಭಾಗವಾಗಿತ್ತು, ಕೌಶಲ ತರಬೇತಿ ಇನ್ನೊಂದು. ರಂಗರಾಯರ ಹತ್ತಿರ ಎರಡಕ್ಕೂ ಬಾಗಿಲು ಒಂದೇ. ಅವರು ತೀರಿಕೊಂಡಿದ್ದು 1928ರಲ್ಲಿ.