ನೂರು ವರ್ಷದ ಚೀಟಿ ಮತ್ತು ನಂಬಿಕೆಯ ಬೆಲೆ

ಕಳೆದ ವರ್ಷ ಬೇಸಿಗೆಯ ನಾಲ್ಕು ತಿಂಗಳನ್ನು ಮಗಳ ಮನೆಯಲ್ಲಿ ಕಳೆಯಲೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ಹದಿಮೂರು ವರ್ಷದ ಮೊಮ್ಮಗ ಹಳೆಯ ಸಾಮಾನುಗಳ ಸಂತೆಯಿಂದ ಓಡಿಬಂದು, 'ತಾತ, ಕೈ ತೊಳ್ಕೊಂಡು ಬಾ' ಎಂದ. ಕೈ ತೊಳೆದು ಒರೆಸಿಕೊಂಡು ಬಂದ ಮೇಲೆ ಪ್ಲಾಸ್ಟಿಕ್ ಲಕೋಟೆಯೊಂದನ್ನು ದೇವರ ಪ್ರಸಾದದಂತೆ ನನ್ನ ಅಂಗೈಯಲ್ಲಿಟ್ಟ. ಒಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬಣ್ಣದ ಚೀಟಿ. ಅದರ ಮೇಲೆ ಒಬ್ಬ ಆಟಗಾರನ ಚಿತ್ರ, ಕೆಳಗೆ 'ಕಾಬ್, ಡೆಟ್ರಾಯಿಟ್' ಎಂಬ ಅಕ್ಷರಗಳು. ಅಂಚುಗಳು ಸವೆದು, ಕಾಗದ ಚಹದ ಬಣ್ಣಕ್ಕೆ ತಿರುಗಿತ್ತು. ಚಳಿಗಾಲದಲ್ಲಿ ನೆರೆಹೊರೆಯವರ ಅಂಗಳದ ಹಿಮ ಬಾಚಿ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ ಅವನು ಕೂಡಿಟ್ಟಿದ್ದ 350 ಡಾಲರ್ ಈ ಚೀಟಿಗೆ ಸಂದಾಯವಾಗಿತ್ತು. ರಸೀದಿ ಇರಲಿಲ್ಲ.

ಬೇಸ್‌ಬಾಲ್ ಕಾರ್ಡ್ ಎಂದರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. ನಮ್ಮ ಬಾಲ್ಯದಲ್ಲಿ ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಡುತ್ತಿದ್ದ ಹುಚ್ಚನ್ನು ನೆನಪಿಸಿಕೊಂಡರೆ ಸಾಕು. ಸಿಗರೇಟು ಪೊಟ್ಟಣ ಮಡಚಿಹೋಗದಿರಲೆಂದು ಒಳಗಿಡುತ್ತಿದ್ದ ದಪ್ಪ ಕಾಗದದ ಮೇಲೆ ಆಟಗಾರರ ಚಿತ್ರ ಅಚ್ಚುಹಾಕಿದರೆ ಮಾರಾಟ ಹೆಚ್ಚುವುದೆಂದು ಅಮೆರಿಕದ ತಂಬಾಕು ವ್ಯಾಪಾರಿಗಳು 19ನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಐನೂರಕ್ಕೂ ಹೆಚ್ಚು ಚೀಟಿಗಳ ಸರಣಿ ಇವುಗಳಲ್ಲೆಲ್ಲ ಪ್ರಸಿದ್ಧವಾದುದು. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ ಸಿದ್ಧಪಡಿಸಿದ ಸೂಚಿಯಲ್ಲಿ ಅದಕ್ಕೆ 'ಟಿ-206' ಎಂಬ ಸಂಖ್ಯೆ ಸಿಕ್ಕಿತು. ಇಂದಿಗೂ ಅದೇ ಅದರ ಹೆಸರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಕಂಪನಿಯ ಹೆಸರನ್ನು ಬೇರೊಂದು ಪಾಠದಲ್ಲಿ ಓದಿದ್ದೆ. ಏಕಸ್ವಾಮ್ಯದ ಕಾರಣಕ್ಕೆ 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಡೆದುಹಾಕಲು ಆದೇಶಿಸಿದ ಕಂಪನಿ ಅದು. ಕಂಪನಿ ಚೂರಾಯಿತು, ಅದರ ಪುಕ್ಕಟೆ ಚೀಟಿಗಳು ಮಾತ್ರ ಬದುಕಿಕೊಂಡವು.

ಬದುಕಿದ್ದಷ್ಟೇ ಅಲ್ಲ, ಚಿನ್ನವನ್ನು ಮೀರಿಸಿದವು. ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ತನ್ನ ಚಿತ್ರವಿರುವ ಚೀಟಿಯ ಮುದ್ರಣಕ್ಕೆ ಒಪ್ಪದಿದ್ದುದರಿಂದ ಅದು ಬೇಗನೆ ನಿಂತುಹೋಯಿತು. ಮಕ್ಕಳು ತಂಬಾಕು ಕೊಳ್ಳುವುದು ಅವನಿಗೆ ಹಿಡಿಸಲಿಲ್ಲವೆಂದು ಕೆಲವರು, ಹಣ ಸಾಲಲಿಲ್ಲವೆಂದು ಕೆಲವರು ಹೇಳುತ್ತಾರೆ. ಈಗ ಉಳಿದಿರುವುದು ಸುಮಾರು ಐವತ್ತರಿಂದ ಅರವತ್ತು ಪ್ರತಿಗಳು. ಅವುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ, 1952ರಲ್ಲಿ ಟಾಪ್ಸ್ ಕಂಪನಿ ಮುದ್ರಿಸಿದ ಮಿಕಿ ಮ್ಯಾಂಟಲ್ ಚೀಟಿಯೊಂದು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ ಸರಣಿ ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದಾಗ, ಅದನ್ನು ರೂಪಿಸಿದ ಸೈ ಬರ್ಗರ್ ಎಂಬಾತನೇ 1960ರಲ್ಲಿ ಉಳಿದ ಪೆಟ್ಟಿಗೆಗಳನ್ನು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದ. ಸಾಗರಕ್ಕೆ ಎಸೆದ ವಸ್ತುವಿಗೆ ಕೋಟಿ ಬೆಲೆ ಬಂದಿತೆಂದರೆ, ಅದನ್ನು ಮತ್ತೆ ಹುಟ್ಟಿಸಲು ಹೊರಡುವವರಿಗೇನು ಕೊರತೆ?

ಟೈ ಕಾಬ್ ಎಂಬಾತ ವ್ಯಾಗ್ನರನ ಸಮಕಾಲೀನ, ಅಷ್ಟೇ ದೊಡ್ಡ ಆಟಗಾರ. ಅವನ ಚೀಟಿ ಅಷ್ಟು ಸುಲಭಕ್ಕೆ ಸಿಗುವಂಥದಲ್ಲವೆಂದು ಮಗಳಿಗೆ ಅನುಮಾನ ಬಂದಿತು. 'ಅಪ್ಪ, ಪಕ್ಕದ ಮನೆಯವರಿಗೆ ಇದೆಲ್ಲ ಗೊತ್ತು, ಒಮ್ಮೆ ಕೇಳಿ' ಎಂದಳು. ಪಕ್ಕದ ಮನೆಯ ಹಿರಿಯರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಐವತ್ತು ವರ್ಷಗಳಿಂದ ಚೀಟಿ ಕೂಡಿಸುತ್ತಿದ್ದಾರೆ. ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಅವರು ನಡೆಸಿದ ಪರೀಕ್ಷೆಯನ್ನು ನಾನು ಇಲಾಖಾ ವಿಚಾರಣೆಯೊಂದರಲ್ಲಿ ಕುಳಿತವನಂತೆ ನೋಡಿದೆ.

ಅವರು ಚೀಟಿಯನ್ನು ಕೂಡಲೇ ನೋಡಲಿಲ್ಲ. ಮೊದಲು ತಮ್ಮ ಪೆಟ್ಟಿಗೆಯಿಂದ ಅದೇ ಸರಣಿಯ, ಯಾರೂ ಹೆಸರು ಕೇಳದ ಆಟಗಾರನೊಬ್ಬನ ಅಗ್ಗದ ಚೀಟಿಯನ್ನು ತೆಗೆದು ಪಕ್ಕದಲ್ಲಿಟ್ಟರು. ಸಾಚಾ ವಸ್ತುವನ್ನು ಕೈಯಲ್ಲಿ ಹಿಡಿದು ಅಭ್ಯಾಸವಿಲ್ಲದವನಿಗೆ ಖೋಟಾ ಯಾವುದೆಂದು ತಿಳಿಯುವುದಿಲ್ಲ ಎಂಬುದು ಅವರ ಮೊದಲನೆಯ ಪಾಠ. ಎರಡನ್ನೂ ಅಳೆದರು. ಈ ಸರಣಿಯ ಚೀಟಿ ಒಂದೂವರೆ ಅಂಗುಲಕ್ಕೆ ತುಸು ಕಡಿಮೆ ಅಗಲ, ಎರಡೂವರೆ ಅಂಗುಲಕ್ಕೆ ತುಸು ಹೆಚ್ಚು ಎತ್ತರ. ಅಳತೆ ಸರಿಯಾಗಿತ್ತು. ದಪ್ಪ ಮಾತ್ರ ಬೇರೆಯಾಗಿತ್ತು. ಮೊಮ್ಮಗನ ಚೀಟಿ ಹೊಸ ಆಮಂತ್ರಣ ಪತ್ರಿಕೆಯಂತೆ ಬಿಗಿಯಾಗಿತ್ತು.

ನಂತರ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬಂದಿತು. ಹಳೆಯ ಚೀಟಿಗಳು ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣವನ್ನು ಪ್ರತ್ಯೇಕವಾಗಿ ಒತ್ತಿ ಮುದ್ರಿಸಿದಂಥವು. ಚಿತ್ರದಲ್ಲಿ ಚುಕ್ಕಿಗಳಿರಬಹುದು, ಆದರೆ ಕೆಳಗಿನ ಹೆಸರು ಒಂದೇ ಕಂದು ಶಾಯಿಯಲ್ಲಿ ಅಚ್ಚಾದದ್ದರಿಂದ ಅಕ್ಷರಗಳು ತುಂಬಿದ ಗೆರೆಗಳಾಗಿ ಕಾಣಬೇಕು. ಅಸಲಿ ಚೀಟಿಯ ಛಾಯಾಪ್ರತಿಯನ್ನು ಯಂತ್ರದಿಂದ ಮರುಮುದ್ರಿಸಿದಾಗ ಚಿತ್ರ, ಅಕ್ಷರ ಎಂಬ ಭೇದ ಯಂತ್ರಕ್ಕೆ ತಿಳಿಯದು. ಅದು ಎಲ್ಲವನ್ನೂ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳಾಗಿ ಒಡೆಯುತ್ತದೆ. ಅವರು ಗಾಜನ್ನು ನನ್ನ ಕೈಗಿತ್ತರು. ಅವರ ಚೀಟಿಯ ಅಕ್ಷರಗಳು ಕಂದು ಗೆರೆಗಳಾಗಿದ್ದವು. ಮೊಮ್ಮಗನ ಚೀಟಿಯಲ್ಲಿ 'ಕಾಬ್' ಎಂಬ ಹೆಸರು ರಾಗಿ ಚೆಲ್ಲಿದಂತೆ ಬಣ್ಣದ ಚುಕ್ಕಿಗಳ ರಾಶಿಯಾಗಿತ್ತು.

ಕೊನೆಯದು ನೇರಳಾತೀತ ದೀಪದ ಪರೀಕ್ಷೆ. ಕಾಗದ ಬೆಳ್ಳಗೆ ಹೊಳೆಯಲೆಂದು ಬೆರೆಸುವ ರಾಸಾಯನಿಕ, ಅಂದರೆ ಬಟ್ಟೆಯ ಸೋಪಿನ ಪುಡಿಯಲ್ಲಿರುವಂಥದೇ, ಎರಡನೆಯ ಮಹಾಯುದ್ಧದ ನಂತರವಷ್ಟೇ ಕಾಗದದ ಕಾರ್ಖಾನೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಹೀಗಾಗಿ 1910ರ ಕಾಗದ ಆ ದೀಪದ ಕೆಳಗೆ ಮಂಕಾಗಿಯೇ ಇರಬೇಕು. ಕೋಣೆಯ ದೀಪ ಆರಿಸಿದಾಗ ಹಿರಿಯರ ಚೀಟಿ ಕತ್ತಲಲ್ಲಿ ಕತ್ತಲಾಗಿ ಹೋಯಿತು. ಮೊಮ್ಮಗನದು ನೀಲಿಯಾಗಿ ಬೆಳಗಿತು. ನಮ್ಮ ಬ್ಯಾಂಕುಗಳಲ್ಲಿ ನೋಟನ್ನು ಇಂಥದೇ ದೀಪಕ್ಕೆ ಹಿಡಿಯುವುದನ್ನು ಓದುಗರು ನೋಡಿರಬಹುದು. ಸಾಚಾ ನೋಟಿನ ಕಾಗದ ಮಂಕಾಗಿದ್ದು, ಅದರಲ್ಲಿ ಹುದುಗಿಸಿದ ಎಳೆಗಳಷ್ಟೇ ಹೊಳೆಯುತ್ತವೆ. ಆದರೆ ಹಿರಿಯರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಹೊಳೆದರೆ ಅನುಮಾನಿಸಲೇಬೇಕು, ಹೊಳೆಯದಿದ್ದ ಮಾತ್ರಕ್ಕೆ ಅಸಲಿಯೆಂದು ನಂಬಬಾರದು. ಹಳೆಯ ಪುಸ್ತಕಗಳ ಖಾಲಿ ಹಾಳೆಗಳ ಮೇಲೆ ಮುದ್ರಿಸುವ ಚತುರರಿದ್ದಾರೆ. ಚಹದ ಡಿಕಾಕ್ಷನ್ನಿನಲ್ಲಿ ಅದ್ದಿ ವಯಸ್ಸು ತರಿಸುವವರಿದ್ದಾರೆ, ಉಪ್ಪುಕಾಗದದಿಂದ ಮೂಲೆ ಉಜ್ಜುವವರಿದ್ದಾರೆ, ಪ್ರಾಮಾಣಿಕವಾಗಿ 'ಮರುಮುದ್ರಣ' ಎಂದು ಅಚ್ಚಾದ ಪ್ರತಿಗಳಿಂದ ಆ ಒಂದು ಪದವನ್ನು ಕೆರೆದು ತೆಗೆಯುವವರಿದ್ದಾರೆ. ನಿಜವಾದ ಸವೆತ ಕೈಯ ಬಳಕೆಯಿಂದ ಬರುವುದರಿಂದ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ. ಮೊಮ್ಮಗನ ಚೀಟಿಯ ನಾಲ್ಕು ಮೂಲೆಗಳೂ ಒಂದೇ ಸಮನಾಗಿ ಸವೆದಿದ್ದವು.

ಈ ಪರೀಕ್ಷೆ ನೋಡುತ್ತಿದ್ದಾಗ ನನ್ನ ಮನಸ್ಸು ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. 2003ರ ಸುಮಾರಿಗೆ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ನಕಲಿ ಛಾಪಾ ಕಾಗದದ ಹಗರಣ ಸ್ಫೋಟಗೊಂಡಿತು. ಖಾನಾಪುರದ ಅಬ್ದುಲ್ ಕರೀಂ ತೆಲಗಿ ಹಲವು ರಾಜ್ಯಗಳಿಗೆ ಹಬ್ಬಿಸಿದ್ದ ಜಾಲ ಅದು. 2001ರಲ್ಲಿಯೇ ಬಂಧಿತನಾಗಿದ್ದ ಅವನಿಗೆ 2007ರಲ್ಲಿ ದೀರ್ಘಾವಧಿ ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಆ ದಿನಗಳಲ್ಲಿ ಮನೆ, ಹೊಲಗಳ ಕ್ರಯಪತ್ರ ಹಿಡಿದು ಕಚೇರಿಗೆ ಬರುತ್ತಿದ್ದ ರೈತರು, ಪಿಂಚಣಿದಾರರು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಸ್ವಾಮಿ, ನಮ್ಮ ಕಾಗದ ಸಾಚಾನಾ?' ಬೆಳಕಿಗೆ ಹಿಡಿದು ನೋಡಿದರೂ ನನಗೆ ಹೇಳಲಾಗುತ್ತಿರಲಿಲ್ಲ. ಸರ್ಕಾರಿ ಮುದ್ರಣಾಲಯ ಬಳಕೆಯಿಂದ ತೆಗೆದ ಯಂತ್ರಗಳೇ ಖೋಟಾ ಮಾಡುವವನ ಕೈ ಸೇರಿದ್ದಾಗ ಕಣ್ಣಿನ ಪರೀಕ್ಷೆಯಿಂದ ಆಗುವುದೇನು? ಕಾಗದದ ಗುಣಕ್ಕಿಂತ ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ದಾಖಲೆಯೇ ಮುಖ್ಯವೆಂದು ನನಗೆ ಮನವರಿಕೆಯಾದದ್ದು ಆಗ. ರಸೀದಿಯಿಲ್ಲದ ಚೀಟಿಯನ್ನು ಕಂಡಾಗಲೇ ನಾನು ಎಚ್ಚತ್ತುಕೊಳ್ಳಬೇಕಿತ್ತು.

ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ಅರ್ಥಶಾಸ್ತ್ರ ಓದಿದವರೆಲ್ಲ ಬಲ್ಲರು. ಬಳಸಿದ ಕಾರುಗಳ ಪೇಟೆಯಲ್ಲಿ ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಅಳುಕಿನ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಪೇಟೆಯಿಂದ ಹೊರಬೀಳುತ್ತಾನೆ, ಕೆಟ್ಟದ್ದು ಉಳಿಯುತ್ತದೆ. ಈ ವಿಚಾರಧಾರೆಗಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂದಿತು. ಆ ಪ್ರಬಂಧದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳೂ ಬರುತ್ತಾರೆಂಬುದು ಹಲವರಿಗೆ ನೆನಪಿರಲಾರದು. ತೂಕಕ್ಕಾಗಿ ಬೆರೆಸಿದ, ಅಕ್ಕಿಯದೇ ಬಣ್ಣ, ಆಕಾರದ ಕಲ್ಲುಗಳನ್ನು ಭಾರತದ ಗೃಹಿಣಿ ಆರಿಸಿ ತೆಗೆಯಬೇಕಾಗುತ್ತದೆಂದು ಅವರು ಉದಾಹರಿಸುತ್ತಾರೆ. ಮೊರ ಹಿಡಿದು ಕುಳಿತ ನನ್ನ ತಾಯಿ ಮೋಸದ ತೆರಿಗೆಯನ್ನು ಕಣ್ಣಿನಿಂದ, ಬೆನ್ನಿನಿಂದ ಪ್ರತಿದಿನ ಕಟ್ಟುತ್ತಿದ್ದಳೆಂದು ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ. ಮೋಸದ ನಷ್ಟ ಮೋಸಹೋದವನೊಬ್ಬನದೇ ಅಲ್ಲ. ಅವನ ನಂತರ ಅಕ್ಕಿ ಕೊಳ್ಳುವ ಪ್ರತಿಯೊಬ್ಬರೂ ಅದರಲ್ಲಿ ಪಾಲುದಾರರು.

ಚೀಟಿಗಳ ಪೇಟೆಯೂ ಇದಕ್ಕೊಂದು ಪರಿಹಾರ ಹುಡುಕಿತು. 1991ರಿಂದೀಚೆಗೆ ಶುಲ್ಕ ಪಡೆದು ಚೀಟಿಯನ್ನು ಪರೀಕ್ಷಿಸಿ, ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆಹಾಕಿ ಕೊಡುವ ಸಂಸ್ಥೆಗಳು ಹುಟ್ಟಿಕೊಂಡವು. ಪಿಎಸ್‌ಎ ಎಂಬ ಸಂಸ್ಥೆ ಹೀಗೆ ಒಂದನೆಯ ಸಂಖ್ಯೆ ಕೊಟ್ಟು ಮುದ್ರೆಯೊತ್ತಿದ್ದು ವ್ಯಾಗ್ನರನ ಚೀಟಿಗೆ. ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನೊಂದಿಗೆ ಸೇರಿ 1991ರಲ್ಲಿ 4,51,000 ಡಾಲರಿಗೆ ಹರಾಜಿನಲ್ಲಿ ಕೊಂಡಿದ್ದ ಪ್ರತಿ ಅದು; ಎಂಟು ಅಂಕ ಪಡೆಯಿತು. ಅಚ್ಚರಿಯೆಂದರೆ, ಅದನ್ನು ಹಿಂದೆ ಮಾರಿದ್ದ ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರ ಅದರ ಅಂಚುಗಳನ್ನು ಕತ್ತರಿಸಿ ಚೆಂದಗೊಳಿಸಿದ್ದಾಗಿ 2013ರಲ್ಲಿ ಒಪ್ಪಿಕೊಂಡ. ವಂಚನೆಯ ಮೊಕದ್ದಮೆಯಲ್ಲಿ 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು. ಚೀಟಿ ಅಸಲಿಯೇ, ಅದರ ಅಂಚು ಮಾತ್ರ ಸುಳ್ಳು. ಮುದ್ರೆಯನ್ನು ನಂಬಿ ಕಣ್ಣುಮುಚ್ಚುವಂತಿಲ್ಲ. ಈಗ ಆ ಪ್ಲಾಸ್ಟಿಕ್ ಡಬ್ಬಿಗಳನ್ನೇ ನಕಲು ಮಾಡುವವರಿದ್ದಾರೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆನೋಡಿ, ಅಲ್ಲಿರುವ ಚಿತ್ರಕ್ಕೂ ಕೈಯಲ್ಲಿರುವ ಚೀಟಿಗೂ ಹೋಲಿಸುವುದು ವಿವೇಕ. ಪರೀಕ್ಷಕನನ್ನು ಪರೀಕ್ಷಿಸುವವರು ಯಾರೆಂಬ ಪ್ರಶ್ನೆ ಲೆಕ್ಕಪರಿಶೋಧನೆಯಷ್ಟೇ ಹಳೆಯದು.

ಆ ರಾತ್ರಿ ಮೊಮ್ಮಗ ಊಟ ಸರಿಯಾಗಿ ಮಾಡಲಿಲ್ಲ. ಮರುವಾರ ಅವನಪ್ಪ ಅವನನ್ನು ಕರೆದುಕೊಂಡು ಸಂತೆಗೆ ಹೋದಾಗ ಆ ಮಾರಾಟಗಾರ ಇದ್ದ ಜಾಗದಲ್ಲಿ ಬೇರೊಬ್ಬ ಹಳೆಯ ಗಡಿಯಾರ ಹರಡಿಕೊಂಡು ಕುಳಿತಿದ್ದನಂತೆ. ಮನೆಗೆ ಬಂದವನೇ ನನ್ನ ಬಳಿ ಕುಳಿತು ಮೆಲ್ಲಗೆ ಕೇಳಿದ: 'ತಾತ, ನಮಗೂ ಗೊತ್ತಾಗ್ಲಿಲ್ಲ ಅಲ್ವಾ? ನಾನು ಇದನ್ನ ಶಾಲೆಯಲ್ಲಿ ಯಾರಿಗಾದ್ರೂ ಮುನ್ನೂರಕ್ಕೆ ಕೊಟ್ರೆ ಅವರಿಗೂ ಗೊತ್ತಾಗಲ್ಲ.'

ಹುಡುಗ ಕೆಟ್ಟವನಲ್ಲ. ಐವತ್ತು ಡಾಲರ್ ನಷ್ಟವನ್ನು ತಾನು ಹೊರುವ ಔದಾರ್ಯವೂ ಆ ಲೆಕ್ಕದಲ್ಲಿತ್ತು! ಹರಿದ ನೋಟನ್ನು ಕತ್ತಲಲ್ಲಿ ಬಸ್ ಕಂಡಕ್ಟರಿಗೆ ದಾಟಿಸಿದ ನಮ್ಮಲ್ಲಿ ಯಾರು ಅವನಿಗೆ ಕಲ್ಲು ಹೊಡೆಯಬಲ್ಲೆವು? ನಾನು ಉಪದೇಶಕ್ಕೆ ಹೋಗಲಿಲ್ಲ. 'ನಿನಗೆ ಮಾರಿದವನಿಗೂ ಯಾರೋ ಹೀಗೆಯೇ ದಾಟಿಸಿರಬಹುದು. ಅವನೂ ನಿನ್ನ ಹಾಗೆಯೇ ಯೋಚಿಸಿರಬಹುದು' ಎಂದಷ್ಟೇ ಹೇಳಿದೆ. ಆಮೇಲೆ ನಮ್ಮ ರಿಸರ್ವ್ ಬ್ಯಾಂಕಿನ ನಿಯಮವೊಂದನ್ನು ತಿಳಿಸಿದೆ. ಬ್ಯಾಂಕಿಗೆ ಬಂದ ಖೋಟಾ ನೋಟನ್ನು ತಂದವನಿಗೆ ಹಿಂದಿರುಗಿಸುವಂತಿಲ್ಲ. 'ಖೋಟಾ ನೋಟು' ಎಂದು ಮುದ್ರೆಯೊತ್ತಿ ಅಲ್ಲಿಯೇ ತಡೆಹಿಡಿಯಬೇಕು. ತಂದವನಿಗೆ ಅದರ ಬೆಲೆ ಸಿಗುವುದಿಲ್ಲ. ನಿಯಮ ಕಠೋರ, ಕೆಲವೊಮ್ಮೆ ಬಡವನ ಪಾಲಿಗೆ ಕ್ರೂರ. ಆದರೂ ನೋಟು ಎಲ್ಲಿಯೋ ಒಬ್ಬರ ಕೈಯಲ್ಲಿ ನಿಲ್ಲಲೇಬೇಕು.

ಅವನು ಬಹಳ ಹೊತ್ತು ಸುಮ್ಮನಿದ್ದ. ಎರಡು ದಿನದ ನಂತರ ಅಳಿಸಲಾಗದ ಶಾಯಿಯ ಪೆನ್ನು ಕೇಳಿ ಪಡೆದು, ಚೀಟಿಯ ಹಿಂಬದಿಗೆ ದಪ್ಪ ಅಕ್ಷರಗಳಲ್ಲಿ 'ನಕಲು' ಎಂದು ಇಂಗ್ಲಿಷಿನಲ್ಲಿ ಬರೆದ. ಪಕ್ಕದ ಮನೆಯ ಹಿರಿಯರಿಗೆ ತೋರಿಸಿದಾಗ ಅವರು ತಮ್ಮ ಅಗ್ಗದ ಚೀಟಿಯನ್ನು ಅವನಿಗೆ ಉಡುಗೊರೆಯಾಗಿ ಕೊಡಲು ಬಂದರು. ಅವನು ಒಪ್ಪಲಿಲ್ಲ. ನಲವತ್ತು ಡಾಲರಿಗೆ ಕೊಂಡ, ಅದೂ ಕಂತಿನಲ್ಲಿ, ಅವರ ಅಂಗಳದ ಹುಲ್ಲು ಕತ್ತರಿಸಿ ತೀರಿಸುವ ಕರಾರಿನ ಮೇಲೆ. ಈ ಸಲ ರಸೀದಿ ಬರೆಸಿಕೊಂಡ.

ಈಗ ಅವನ ಪುಸ್ತಕದ ಮೊದಲ ಪುಟದಲ್ಲಿ ಎರಡೂ ಚೀಟಿಗಳು ಅಕ್ಕಪಕ್ಕದಲ್ಲಿವೆಯೆಂದು ಮಗಳು ಮೊನ್ನೆ ಫೋನಿನಲ್ಲಿ ಹೇಳಿದಳು. ಸ್ನೇಹಿತರು ಬಂದರೆ ಮೊದಲು ಭೂತಗನ್ನಡಿ ಕೊಟ್ಟು, ಯಾವುದು ಸಾಚಾ ಎಂದು ಕೇಳುತ್ತಾನಂತೆ. ಹಿಂಬದಿ ನೋಡುವಂತಿಲ್ಲ ಎಂಬುದೊಂದೇ ಅವನ ಷರತ್ತು.