ಗಾಲಿ ಹಗುರಾದ್ರೆ ದಾರಿ ಹಗುರಾಗುತ್ತಾ?

“ಸರ್, ನಮ್ಮೂರು ಮೆಹಕರ್ರಿ, ಭಾಲ್ಕಿ ತಾಲೂಕು. ಕರೆಂಟ್ ಕಾರ್ ತೊಗೊಂಡೀನ್ರಿ. ಗಾಲಿ ಬದಲಿ ಮಾಡಿದ್ರ ಒಂದು ಚಾರ್ಜಿಗೆ 30 ಕಿಲೋಮೀಟರ್ ಹೆಚ್ಚಿಗಿ ಓಡ್ತದ ಅಂತ ಅಂಗಡ್ಯಾಂವ ಹೇಳ್ಯಾನ. 60 ಸಾವಿರ ಕೇಳ್ಯಾನ. ಖರೇ ಏನ್ರಿ ಇದು?”

ಕಾರ್ಯಕ್ರಮದ ನಡುವೆ ಬಂದ ಫೋನು ಇದು. ಆ ಕಡೆ ಇದ್ದವರು ನಿವೃತ್ತ ಮಾಸ್ತರ್ರು. ಶೋಕಿಗೆ ಕೇಳ್ತಿದ್ದಾರೆ ಅಂದ್ಕೊಂಡೆ. ಅಲ್ಲ. ಅವರ ಮನೆಯವರಿಗೆ ವಾರಕ್ಕೆರಡು ಸಲ ಬೀದರಿನಲ್ಲಿ ಡಯಾಲಿಸಿಸ್. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಬರುವಾಗ ಭಾಲ್ಕಿ ದಾಟೋ ಹೊತ್ತಿಗೆ ಮೀಟರ್ ಕೆಂಪಿಗೆ ಇಳಿಯುತ್ತೆ. ಪಕ್ಕದಲ್ಲಿ ಸುಸ್ತಾಗಿ ಮಲಗಿರೋ ಹೆಂಡತಿ, ಎದುರಿಗೆ ಕತ್ತಲು, ಮಹಾರಾಷ್ಟ್ರದ ಗಡಿ ಮಗ್ಗುಲಿನ ಊರು. ಆ ಮನುಷ್ಯನಿಗೆ 30 ಕಿಲೋಮೀಟರ್ ಅಂದ್ರೆ ಬರೀ ಸಂಖ್ಯೆ ಅಲ್ಲ ಸ್ವಾಮಿ, ಧೈರ್ಯ.

ಎರಡು ದಿನ ಟೈಮ್ ಕೊಡಿ ಮಾಸ್ತರ್ರೇ ಅಂದೆ. ಲೆಕ್ಕ ಹಾಕಿದೆ. ಆ ಲೆಕ್ಕ ಇಲ್ಲಿದೆ.

ಮೊದಲು ಈ ಅಲಾಯ್ ಅಂದ್ರೇನು? ಮಿಶ್ರಲೋಹ. ಬೀದರ್ ಜಿಲ್ಲೆಯವರಿಗೆ ಇದನ್ನ ಹೇಳಿಕೊಡಬೇಕಾ? ಸತುವಿಗೆ ತಾಮ್ರ ಬೆರೆಸಿ, ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಲ್ಲಿ ಕಪ್ಪು ಮಾಡೋ ಬಿದರಿ ಕೆಲಸ ನಿಮ್ಮೂರಿಂದೇ. ಕಾರಿನ ಅಲಾಯ್ ಗಾಲಿ ಅಂದ್ರೆ ಅಲ್ಯೂಮಿನಿಯಂ, ಜೊತೆಗೆ ಸ್ವಲ್ಪ ಸಿಲಿಕಾನ್, ಮೆಗ್ನೀಸಿಯಂ. ಇದನ್ನೂ ಎರಕ ಹೊಯ್ಯಬಹುದು, ಇಲ್ಲಾ ಭಾರಿ ಒತ್ತಡದಲ್ಲಿ ಬಡಿದು ಮಾಡಬಹುದು. ಬಡಿದು ಮಾಡಿದ್ದು ಗಟ್ಟಿ, ಹಾಗಾಗಿ ತೆಳುವಾಗಿ ಮಾಡಬಹುದು, ನಿಜಕ್ಕೂ ಹಗುರ. ಆದ್ರೆ ಬೆಲೆ? ಕೇಳಬೇಡಿ. ಎರಕದ್ದು ಗಟ್ಟಿಯಾಗಬೇಕಾದ್ರೆ ದಪ್ಪ ಇರಬೇಕು. ಅಗ್ಗದ ಅಲಾಯ್ ಎಷ್ಟೋ ಸಲ ಕಂಪನಿ ಕೊಟ್ಟ ಉಕ್ಕಿನ ಗಾಲಿಯಷ್ಟೇ ತೂಗುತ್ತೆ. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಲ್ಲ. ನಂಬಿಕೆ ಬೇಡ, ತಕ್ಕಡಿ ಮೇಲೆ ಇಡಿ.

ಇರಲಿ. ಅಂಗಡಿಯವನ ಮಾತೇ ನಿಜ ಅಂತಿಟ್ಟುಕೊಳ್ಳೋಣ. ಒಂದು ಗಾಲಿಗೆ 2 ಕೆ.ಜಿ. ಉಳೀತು. ನಾಲ್ಕಕ್ಕೆ 8 ಕೆ.ಜಿ. ಈಗ ಅವನ ಬ್ರಹ್ಮಾಸ್ತ್ರ ಬರುತ್ತೆ ನೋಡಿ. “ತಿರುಗೋ ಭಾರ ಎರಡು ಪಟ್ಟು ಲೆಕ್ಕ ಸರ್!” ಇದು ಸುಳ್ಳಲ್ಲ. ಕಾರು ವೇಗ ಹಿಡಿಯುವಾಗ ಗಾಲಿಯನ್ನ ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಹೊರ ಅಂಚಿನಲ್ಲಿರೋ ಭಾರ ಎರಡು ಪಟ್ಟಿನ ಹತ್ತಿರ ಬರುತ್ತೆ, ಒಳಗಿರೋದು ಅದಕ್ಕಿಂತ ಕಡಿಮೆ. ಹಾಗಾಗಿ 8 ಕೆ.ಜಿ. ಅನ್ನು ಉದಾರವಾಗಿ 14 ಕೆ.ಜಿ. ಅಂತ ಎಣಿಸೋಣ. ಮನೆಯ ಸಿಲಿಂಡರ್ ಒಳಗಿರೋ ಗ್ಯಾಸ್ 14.2 ಕೆ.ಜಿ. ಅಷ್ಟೇ ಭಾರ ಇಳಿಸಿದ ಹಾಗೆ.

ಯಾವುದರಿಂದ ಇಳಿಸಿದ್ವಿ? 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿ ಸುಮಾರು 1,400 ಕೆ.ಜಿ. ಆ ಅಳತೆಯ ಕಾರು ಅಂದುಕೊಳ್ಳಿ. ನೂರರಲ್ಲಿ ಒಂದು ಭಾಗ! ಸಿಗ್ನಲ್ಲಲ್ಲಿ ನಿಂತ ಕಾರು 40 ಕಿ.ಮೀ. ವೇಗ ಹಿಡಿಯೋ ಪ್ರತಿ ಸಲ ಇದರಿಂದ ಉಳಿಯೋದು ಕಾಲು ವ್ಯಾಟ್ ಅವರ್. ನೂರು ಸಲ ನಿಂತು ನೂರು ಸಲ ಹೊರಟರೂ 24 ವ್ಯಾಟ್ ಅವರ್. ಇಂಥ ಕಾರು ಒಂದು ಕಿಲೋಮೀಟರಿಗೆ ಸುಮಾರು 130 ವ್ಯಾಟ್ ಅವರ್ ತಿನ್ನುತ್ತೆ. ಅಂದ್ರೆ ನೂರು ಸಲ ನಿಂತು ಹೊರಟಿದ್ದಕ್ಕೆ ಸಿಕ್ಕಿದ್ದು 200 ಮೀಟರ್ ದಾರಿ!

ಇಲ್ಲೇ ಇನ್ನೊಂದು ಮಾತಿದೆ. ಪೆಟ್ರೋಲ್ ಕಾರು ಬ್ರೇಕ್ ಹಾಕಿದ್ರೆ ಅಷ್ಟೂ ಶಕ್ತಿ ಬಿಸಿಯಾಗಿ ಹೋಗುತ್ತೆ. ವಿದ್ಯುತ್ ಕಾರಲ್ಲಿ ಮೋಟರೇ ಜನರೇಟರ್ ಆಗಿ ಒಂದು ಭಾಗವನ್ನ ಬ್ಯಾಟರಿಗೆ ವಾಪಸ್ ಕಳಿಸುತ್ತೆ. ಭಾರಕ್ಕೆ ಖರ್ಚು ಮಾಡಿದ್ದು ಅರ್ಧಂಬರ್ಧ ಮರಳಿ ಬರೋ ಕಾರಲ್ಲಿ ಹಗುರ ಗಾಲಿಯ ಲಾಭ ಇನ್ನೂ ಕಮ್ಮಿ. ಪೆಟ್ರೋಲ್ ಕಾಲದ ಬುದ್ಧಿಮಾತು ಇಲ್ಲಿ ಅರ್ಧವೇ ನಡೆಯೋದು.

ಭಾರ ಇಳಿದಾಗ ಟೈರು ಉರುಳೋದೂ ಸ್ವಲ್ಪ ಹಗುರಾಗುತ್ತೆ. 100 ಕಿ.ಮೀ.ಗೆ ಇನ್ನೊಂದು 22 ವ್ಯಾಟ್ ಅವರ್. ಎಲ್ಲಾ ಸೇರಿಸಿ, ಧಾರಾಳವಾಗಿ ಲೆಕ್ಕ ಹಾಕಿದ್ರೂ 100 ಕಿಲೋಮೀಟರಿಗೆ ಅರ್ಧ ಕಿಲೋಮೀಟರ್ ಕೂಡ ಹುಟ್ಟಲ್ಲ. ಎಲ್ಲಿ 30, ಎಲ್ಲಿ ಅರ್ಧ?

ದುಡ್ಡಿನ ಲೆಕ್ಕಕ್ಕೆ ಬನ್ನಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದ್ರೆ 100 ಕಿಲೋಮೀಟರಿಗೆ 40 ಪೈಸೆ ಉಳಿತಾಯ. 60 ಸಾವಿರ ವಾಪಸ್ ಬರಬೇಕಾದ್ರೆ ಒಂದೂವರೆ ಕೋಟಿ ಕಿಲೋಮೀಟರ್ ಓಡಿಸಬೇಕು. ಚಂದ್ರ ಇರೋದು ಸುಮಾರು 3.84 ಲಕ್ಷ ಕಿ.ಮೀ. ದೂರ. ಮಾಸ್ತರ್ರು ಮೆಹಕರದಿಂದ ಹೊರಟು ಚಂದ್ರಲೋಕಕ್ಕೆ 20 ಸಲ ಹೋಗಿ ಬಂದ್ರೆ ಅಸಲು ಗಿಟ್ಟುತ್ತೆ!

ಹಾಗಾದ್ರೆ “ನನಗೆ ಜಾಸ್ತಿ ಬಂತು” ಅನ್ನೋರೆಲ್ಲ ಸುಳ್ಳು ಹೇಳ್ತಾರಾ? ಇಲ್ಲ. ಮೀಟರ್ ಸುಳ್ಳು ಹೇಳಿರಬಹುದು. ಕಾರಿನ ಮೀಟರ್ ದಾರಿ ಅಳೆಯಲ್ಲ, ಗಾಲಿ ಎಷ್ಟು ಸುತ್ತು ಸುತ್ತಿತು ಅಂತ ಎಣಿಸುತ್ತೆ. ಹೊಸ ಟೈರಿನ ಒಟ್ಟು ಎತ್ತರ ಶೇ. 3 ಕಡಿಮೆ ಆಯ್ತು ಅನ್ನಿ, 100 ಕಿ.ಮೀ. ಓಡಿದ್ರೆ 103 ತೋರಿಸುತ್ತೆ. ಊರು ಹತ್ತಿರ ಬರಲಿಲ್ಲ, ಅಂಕಿ ಮಾತ್ರ ದಪ್ಪ ಆಯ್ತು.

ಹಗುರ ಗಾಲಿ ಪೂರ್ತಿ ದಂಡ ಅಂತ ನಾನು ಹೇಳ್ತಿಲ್ಲ. ಸ್ಪ್ರಿಂಗಿನ ಕೆಳಗಿನ ಭಾರ ಕಮ್ಮಿಯಾದ್ರೆ ಗಾಲಿ ಗುಂಡಿಯನ್ನ ಬೇಗ ಹತ್ತಿ ಇಳಿಯುತ್ತೆ, ಸ್ಟೇರಿಂಗ್ ಚುರುಕಾಗುತ್ತೆ. ರೇಸಿನವರಿಗೆ ಅದೇ ಬೇಕು. ಕೊಡೋ ದುಡ್ಡಿದ್ದು, ಅದರ ಖುಷಿ ಬೇಕು ಅನ್ನೋರು ಧಾರಾಳವಾಗಿ ಹಾಕಿಸಲಿ. ಆದ್ರೆ ರೇಂಜ್ ಹೆಸರಲ್ಲಿ ಮಾರಬೇಡಿ.

ಇನ್ನೂ ಅಪಾಯ ಏನು ಗೊತ್ತಾ? ಚೆಂದ ಕಾಣಲಿ ಅಂತ ಒಂದಿಂಚು ದೊಡ್ಡ ಗಾಲಿ, ಅಗಲ ಟೈರು ಹಾಕಿಸ್ತಾರೆ. ಅಗಲ ಟೈರು ಗಾಳಿಯನ್ನ ಹೆಚ್ಚು ತಡೆಯುತ್ತೆ. ಕಂಪನಿಯವರು ಕರೆಂಟ್ ಕಾರಿಗೆ ಸುಲಭವಾಗಿ ಉರುಳೋ ಟೈರನ್ನ ಆರಿಸಿ ಕೊಟ್ಟಿರ್ತಾರೆ. ಅದನ್ನ ಕಿತ್ತು ಮಾಮೂಲಿ ಟೈರು ಹಾಕಿದ್ರೆ ರೇಂಜ್ ಶೇ. 10ರಷ್ಟು ಇಳಿಯಬಹುದು. 30 ಸೇರೋದು ಹಾಗಿರಲಿ, ಇದ್ದದ್ದರಲ್ಲಿ 20 ಹೋಯ್ತು. ಬದಿ ಕಿರಿದಾದ ಟೈರು ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕಿತ್ತುಹೋದ ರಸ್ತೆಯ ಗುಂಡಿಗೆ ಬಿದ್ರೆ ಪೆಟ್ಟು ನೇರ ಗಾಲಿಗೇ. ಉಕ್ಕಿನ ಗಾಲಿ ಬಾಗಿದ್ರೆ ಬಡಿದು ಸರಿ ಮಾಡ್ತಾರೆ, ಅಲಾಯ್ ಬಿರುಕು ಬಿಟ್ರೆ ಬಿಸಾಕಬೇಕು. ಬ್ಯಾಟರಿಯೊಂದೇ ನೂರಾರು ಕೆ.ಜಿ. ಇರೋದರಿಂದ ಪೆಟ್ರೋಲ್ ಕಾರಿನ ಗಾಲಿ ಈ ಭಾರ ಹೊರುತ್ತಾ ಅಂತಾನೂ ನೋಡಬೇಕು. ಹಾಕಿಸಲೇಬೇಕು ಅಂದ್ರೆ ಐಎಸ್‌ಐ ಗುರುತು, ಎಷ್ಟು ಕೆ.ಜಿ. ಹೊರುತ್ತೆ ಅನ್ನೋ ಅಂಕಿ, ಬೋಲ್ಟಿನ ಅಳತೆ ನೋಡಿ. ವಿಮೆಯವರಿಗೂ ಮೊದಲೇ ತಿಳಿಸಿ.

ನಮ್ಮ ಅಜ್ಜಂದಿರು ಇದನ್ನ ಕಂಡೇ ಇದ್ದಾರೆ. ಕಬ್ಬಿಣದ ಪಟ್ಟಿಯ ಮರದ ಗಾಲಿ ಹೋಗಿ ಎತ್ತಿನ ಬಂಡಿಗೆ ರಬ್ಬರ್ ಟೈರು ಬಂದಾಗ ಎತ್ತುಗಳ ಹೆಗಲು ಹಗುರಾಯ್ತು. ಯಾಕೆ? ನೆಲ ಮುಟ್ಟೋ ಭಾಗ ಬದಲಾಯ್ತು. ಲಾಭ ಇರೋದು ನೆಲ ಮುಟ್ಟೋ ಟೈರಲ್ಲಿ, ಅದರೊಳಗಿನ ಗಾಳಿಯಲ್ಲಿ.

ಹಗುರ ಮಾಡಬೇಕಾದ್ರೆ ಇಡೀ ಕಾರನ್ನೇ ಮಾಡಬೇಕು. 2001ರಲ್ಲಿ ನಮ್ಮ ಬೆಂಗಳೂರಲ್ಲೇ ಚೇತನ್ ಮೈನಿಯವರ ರೇವಾ ಬಂತಲ್ಲ, ಎರಡು ಬಾಗಿಲು, ಪ್ಲಾಸ್ಟಿಕ್ ಮೈ, ಹಳೇ ಸೀಸದ ಬ್ಯಾಟರಿ ಹೊತ್ತು 80 ಕಿಲೋಮೀಟರ್ ಆಸುಪಾಸು ಓಡ್ತಿತ್ತು. ಆ ಹಗುರ ನಕ್ಷೆಯಲ್ಲೇ ಬಂದದ್ದು, ಆಮೇಲೆ ಅಂಗಡಿಯಲ್ಲಿ ಕೊಂಡದ್ದಲ್ಲ.

ಹಾಗಾದ್ರೆ ಮಾಸ್ತರ್ರು ಏನು ಮಾಡಬೇಕು? ಗಾಳಿಯ ಅಡ್ಡಿ ವೇಗದ ವರ್ಗದಷ್ಟು ಏರುತ್ತೆ. 60ರಲ್ಲಿ ಇರೋ ಅಡ್ಡಿ 100ರಲ್ಲಿ ಎರಡೂ ಮುಕ್ಕಾಲು ಪಟ್ಟು. ಬಯಲು ರಸ್ತೆಯಲ್ಲಿ 90ರ ಬದಲು 70ರಲ್ಲಿ ಓಡಿಸಿದ್ರೆ ಕರೆಂಟಿನ ಖರ್ಚು ಐದರಲ್ಲೊಂದು ಭಾಗ ಇಳಿಯುತ್ತೆ. ಬೇಕಿದ್ದ 30 ಕಿಲೋಮೀಟರ್ ಅಲ್ಲೇ ಇದೆ! 70 ಕಿ.ಮೀ. ದಾರಿಗೆ ಹೆಚ್ಚಾಗೋದು 13 ನಿಮಿಷ. ವಾರಕ್ಕೊಮ್ಮೆ, ಟೈರು ತಣ್ಣಗಿದ್ದಾಗ, ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟು ಗಾಳಿ ಹಾಕಿಸಿ. ಡಿಕ್ಕಿಯ ಬೇಡದ ಸಾಮಾನು ಇಳಿಸಿ. ಬೀದರಿನಲ್ಲಿ ಕಾಯೋ ನಾಲ್ಕು ಗಂಟೆ ಕಾರೂ ಚಾರ್ಜಿಗೆ ನಿಲ್ಲಲಿ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಅಂದ್ರು: “ಅಂದ್ರ 60 ಸಾವಿರ ಉಳೀತಲ್ರಿ. ಆಕಿ ಔಷಧಕ್ಕ ಆಗ್ತದ.”

ಆ ದುಡ್ಡು ಸೇರಬೇಕಾದ ಜಾಗ ಅದೇ. ಹದಿಮೂರು ನಿಮಿಷ ಮುಂಚೆ ಹೊರಡಿ ಮಾಸ್ತರ್ರೇ, ನಿಧಾನವಾಗಿ ಮನೆ ಸೇರಿ.