ದಿನದ ಧ್ಯಾನ: 26 ಬಾರಿ ಒಂದೇ ಉತ್ತರ

ಓದಿಗಾಗಿ: ಕೀರ್ತನೆ 136



ದೇವರು ಒಳ್ಳೆಯವರು ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಮನೆಯಲ್ಲಿ ಸಾವು ಸಂಭವಿಸಿದಾಗ, ಕಡಲಿಗಿಳಿದ ದೋಣಿ ಬರಿದಾಗಿ ಮರಳಿದಾಗ, ಗಲ್ಫ್‌ನಲ್ಲಿದ್ದ ಮಗ ಕೆಲಸ ಕಳೆದುಕೊಂಡು ಊರಿಗೆ ಬಂದಾಗ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಕೃತಜ್ಞತೆ ಸಲ್ಲಿಸುವುದು ಹೇಗೆ?

136ನೇ ಕೀರ್ತನೆಯಲ್ಲಿ 26 ವಚನಗಳಿವೆ. ದೇವರ ಪ್ರೀತಿಗೆ ಕೊನೆಯಿಲ್ಲ ಎಂಬರ್ಥದ ಒಂದೇ ಉತ್ತರ ಪ್ರತಿ ವಚನದಲ್ಲೂ ಬರುತ್ತದೆ. ಒಬ್ಬರು ಮೊದಲ ಭಾಗ ಹೇಳಿ, ಉಳಿದವರು ಉತ್ತರಿಸಲು ಹೊಂದುವ ರಚನೆ ಇದು; ಜಪಸರದ ಬಳಿಕ ನಾವು ಹೇಳುವ ಮನವಿಮಾಲೆಯ ಹಾಗೆ. ಆ ಉತ್ತರದಲ್ಲಿರುವ ಹೀಬ್ರೂ ಪದ 'ಹೆಸೆದ್'. ಅದು ಬರೀ ಕನಿಕರವಲ್ಲ, ಕೊಟ್ಟ ಮಾತಿಗೆ ತಪ್ಪದ ಪ್ರೀತಿ.

ಕೀರ್ತನಕಾರನು ದೇವರು ಒಳ್ಳೆಯವರು ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ, ಒಂದೊಂದಾಗಿ ಎಣಿಸುತ್ತಾನೆ: ಆಕಾಶ, ಭೂಮಿ, ಸೂರ್ಯ, ಚಂದ್ರ, ಆಮೇಲೆ ಈಜಿಪ್ಟಿನಿಂದ ಬಿಡುಗಡೆ, ಕೆಂಪು ಸಮುದ್ರ, ಅರಣ್ಯದ ದಾರಿ. ನಡುವೆ ಬರುವ ಚೊಚ್ಚಲ ಮಕ್ಕಳ ಸಾವು, ಸೀಹೋನ್ ಮತ್ತು ಓಗ್ ಎಂಬ ಅರಸರ ವಧೆ ಇಂದಿನ ನಮ್ಮ ಕಿವಿಗೆ ಕಠಿಣವೇ. ಇದು ತಲೆಮಾರುಗಳ ಕಾಲ ಗುಲಾಮರಾಗಿದ್ದ ಜನರ ನೆನಪು ಎಂಬುದನ್ನು ಮರೆಯದೆ ಓದಬೇಕು. ಕೊನೆಗೆ 25ನೇ ವಚನದಲ್ಲಿ ಫರೋಹನೂ ಇಲ್ಲ, ಯುದ್ಧವೂ ಇಲ್ಲ. ಎಲ್ಲ ಜೀವಿಗಳಿಗೂ ದೇವರು ಕೊಡುವ ಆಹಾರವಿದೆ, ಅಷ್ಟೇ.

ಕರಾವಳಿಯ ನಮಗೆ ಈ ವಚನ ಅಪರಿಚಿತವಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಮನೆಗೆ ಬರುತ್ತದೆ; ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಈಗ ನಮ್ಮಲ್ಲಿ ಅನೇಕರಿಗೆ ಗದ್ದೆಯಿಲ್ಲ, ಅಕ್ಕಿ ಅಂಗಡಿಯದ್ದು. ಆದರೂ ಬೇರೊಬ್ಬರು ಕೆಸರಿಗಿಳಿದು ಬೆಳೆದ ಕಾಳು ಅದು; ಅವರನ್ನೂ ನೆನೆಯೋಣ.

ಇನ್ನು ದುಃಖದ ಮಾತು. ಪಾಸ್ಕ ಹಬ್ಬದ ಭೋಜನದಲ್ಲಿ ಸ್ತುತಿ ಕೀರ್ತನೆಗಳನ್ನು ಹಾಡುವುದು ಯೆಹೂದ್ಯರ ವಾಡಿಕೆ. 136ನೇ ಕೀರ್ತನೆಯೂ ಆ ಸಂಪ್ರದಾಯದಲ್ಲಿದೆ. ಕಡೆಯ ಭೋಜನದ ನಂತರ ಯೇಸು ಮತ್ತು ಶಿಷ್ಯರು ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೋದರೆಂದು ಸಂತ ಮಾರ್ಕನು ಬರೆಯುತ್ತಾನೆ (14:26). ಯಾವ ಗೀತೆ ಎಂದು ಹೇಳುವುದಿಲ್ಲ. ಅದಕ್ಕೆ ಮೊದಲೇ, ತಮ್ಮನ್ನು ಹಿಡಿದುಕೊಡುವವನು ಅದೇ ಮೇಜಿನಲ್ಲಿದ್ದಾನೆಂದು ತಿಳಿದೂ, ಪ್ರಭು ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ಅದೇ ರಾತ್ರಿ ಗೆತ್ಸೆಮನೆಯಲ್ಲಿ ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದು ತಂದೆಯನ್ನು ಬೇಡಿಕೊಂಡರು.

ಕೃತಜ್ಞತೆಯೂ ಗೋಳೂ ಒಂದೇ ರಾತ್ರಿಯಲ್ಲಿ, ಒಂದೇ ಬಾಯಿಂದ. ಆದುದರಿಂದ ಸಾವಿನ ಮನೆಗೆ ಹೋಗುವ ನಾವು, ಮುಖ್ಯವಾಗಿ ಗುರ್ಕಾರರು ಮತ್ತು ಧರ್ಮಕೇಂದ್ರದ ಸೇವಕರು, ಆದದ್ದೆಲ್ಲ ಒಳ್ಳೆಯದಕ್ಕೇ, ದೇವರಿಗೆ ವಂದನೆ ಹೇಳಿ ಎಂದು ಅಳುವವರ ಮೇಲೆ ಹೇರುವುದು ಬೇಡ. ಯೇಸು ಶಿಲುಬೆಯನ್ನು ಒಳ್ಳೆಯದೆಂದು ಕರೆಯಲಿಲ್ಲ. ತಂದೆಯನ್ನು ಒಳ್ಳೆಯವನೆಂದು ನಂಬಿದರು. ಪರಮಪ್ರಸಾದಕ್ಕೆ ಗ್ರೀಕಿನಲ್ಲಿ 'ಯೂಖರಿಸ್ತಿಯ', ಅಂದರೆ ಕೃತಜ್ಞತಾಸ್ತುತಿ, ಎಂಬ ಹೆಸರು ಬಂದದ್ದು ಆ ರಾತ್ರಿಯಿಂದಲೇ. ಮರಣದ ಬಲಿಪೂಜೆಯೂ ಯೂಖರಿಸ್ತಿಯವೇ.

ಈ ವಾರ ವಾಳೆಯ ಕೂಟದಲ್ಲೋ ಮನೆಯ ಸಂಜೆಯ ಪ್ರಾರ್ಥನೆಯಲ್ಲೋ ಈ ಕೀರ್ತನೆಯನ್ನು ಓದಿ, ನಂತರ ನಮ್ಮದೇ ವಚನಗಳನ್ನು ಸೇರಿಸಬಹುದು. ಒಬ್ಬೊಬ್ಬರು ಒಂದೊಂದು ಸಂಗತಿ ಹೇಳಲಿ: ಆಸ್ಪತ್ರೆಯಲ್ಲಿ ರಾತ್ರಿಯಿಡೀ ಜೊತೆಗಿದ್ದ ನೆರೆಯವರು, ಬತ್ತದ ಬಾವಿ, ಮಗುವಿನ ಮೊದಲ ಹೆಜ್ಜೆ. ಉಳಿದವರು ಕೀರ್ತನೆಯ ಉತ್ತರವನ್ನೇ ಹೇಳಲಿ. ಹೇಳಲು ಏನೂ ತೋಚದವರು ಸುಮ್ಮನಿರಲಿ. ಅವರ ಪಾಲಿನ ಉತ್ತರವನ್ನು ಪಕ್ಕದಲ್ಲಿ ಕುಳಿತವರು ಹೇಳುತ್ತಾರೆ.